ಹೆಬ್ಬೆಟ್ಟು ಒತ್ತುವ ಮೊದಲು

ಕಳೆದ ತಿಂಗಳ ಒಂದು ಸಂತೆಯ ದಿನ ನಾವು ಹತ್ತು ರೂಪಾಯಿಯ ಚುರಮುರಿ ಕಟ್ಟಿಸಿಕೊಂಡು ಮನೆಗೆ ಬಂದೆವು. ಮಕ್ಕಳು ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದವು ನಮ್ಮ ಕಣ್ಣಿಗೆ ಬಿದ್ದಿತು. ಅದು ಒಬ್ಬ ರೈತರ ಆಧಾರ ಕಾರ್ಡಿನ ಝೆರಾಕ್ಸ್ ಪ್ರತಿ. ಹೆಸರು, ಹುಟ್ಟಿದ ದಿನ, ಹನ್ನೆರಡು ಅಂಕಿಗಳು, ಭಾವಚಿತ್ರ. ಕೆಳಗೆ ಪೆನ್ನಿನಿಂದ ಬರೆದ ಮೊಬೈಲು ನಂಬರು ಮತ್ತು ಬ್ಯಾಂಕಿನ ಖಾತೆಯ ನಂಬರು. ಮೂಲೆಯಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು. ಮುಖ ನೋಡಿದ ಕೂಡಲೆ ಗುರುತು ಹತ್ತಿತು. ನೆರೆಯೂರಿನವರು. ಅವರ ಮಗನು ಏಳನೆಯ ಇಯತ್ತೆಯವರೆಗೆ ನಮ್ಮಲ್ಲಿಯೇ ಕಲಿತವನು.

ಇದರಲ್ಲಿ ಚುರಮುರಿಯವನ ತಪ್ಪೇನೂ ಇಲ್ಲ. ಅವನು ರದ್ದಿಯನ್ನು ತೂಕದಿಂದ ಕೊಳ್ಳುವವನು. ಯಾವ ಕಪಾಟಿನಿಂದ ಆ ರದ್ದಿ ಹೊರಬಿದ್ದಿತೆಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು. ಮರುದಿನ ನಾವು ಆ ಕಾಗದವನ್ನು ಅದರ ಒಡೆಯರಿಗೆ ಮುಟ್ಟಿಸಿದೆವು. ಅವರು ನಕ್ಕು ಅಂದದ್ದು ಇಷ್ಟು:

“ಇದರಾಗೇನ ಗುಟ್ಟ ಐತ್ರಿ ಮಾಸ್ತರ? ನಾಕ ಎಕರೆ ಹೊಲ, ಎರಡ ಎತ್ತ, ಸೊಸಾಯಿಟಿ ಸಾಲ. ಎಲ್ಲಾ ಊರಿಗೇ ಗೊತ್ತಿದ್ದದ್ದ.”

ರೈತ ಬಂಧುಗಳೆ, ಈ ಮಾತನ್ನು ನಮ್ಮಲ್ಲಿ ಬಹಳ ಜನ ಆಡುತ್ತಾರೆ. ಮೊದಮೊದಲು ನಾವೂ ಆಡಿದ್ದುಂಟು. ಈ ಮಾತು ಏಕೆ ಸರಿಯಲ್ಲ, ಅದರಲ್ಲಿಯೂ ಗಡಿಯಾಚೆ ಉಳಿದ ಕನ್ನಡ ಒಕ್ಕಲಿಗನಿಗೆ ಏಕೆ ಹೆಚ್ಚು ಅಪಾಯದ್ದು ಎಂಬುದನ್ನು ಇಂದು ವಿಚಾರಿಸೋಣ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದರು. ಯಾರ ಹಗೇವು ಎಲ್ಲಿದೆಯೆಂಬುದು ಊರಿಗೆಲ್ಲ ಗೊತ್ತು. ಒಳಗೆ ಸುಮಾರು ಎಷ್ಟು ಚೀಲ ಇದ್ದೀತೆಂಬುದೂ ಗೊತ್ತು. ಆದರೆ ಬಾಯಿ ತೆರೆಯುವ ದಿನ ಮನೆಯ ಹಿರಿಯನು ಎದುರಿಗೆ ನಿಲ್ಲದೆ ಯಾರೂ ಕಲ್ಲು ಸರಿಸುತ್ತಿರಲಿಲ್ಲ. ಊರಿಗೆ ಗೊತ್ತಿರುವದು ಬೇರೆ. ಬಾಯಿ ತೆರೆಯುವ ಅಧಿಕಾರ ಬೇರೆ. ಇಂದಿನ ದಿನದಲ್ಲಿ ನಮ್ಮ ಆಧಾರದ ಅಂಕಿಗಳು, ನಮ್ಮ ಹೆಬ್ಬೆಟ್ಟಿನ ಗೆರೆಗಳು, ನಮ್ಮ ಮೊಬೈಲಿಗೆ ಬರುವ ಓಟಿಪಿ ಎಂಬ ಗುಟ್ಟಿನ ಅಂಕಿ, ಈ ಮೂರೂ ಕೂಡಿ ನಮ್ಮ ಹಗೇವಿನ ಬಾಯಿಯ ಕಲ್ಲಾಗಿವೆ. ನಾಲ್ಕು ಎಕರೆಯ ಸುದ್ದಿ ಗುಟ್ಟಲ್ಲವೆಂಬುದು ನಿಜ. ಕಲ್ಲು ಸರಿಸುವ ಕೈ ಯಾರದು ಎಂಬುದೇ ಪ್ರಶ್ನೆ.

ನಾವು ಹೊಸ ಯಂತ್ರಗಳ ವೈರಿಗಳಲ್ಲ. ಒಂದು ಸಾತಬಾರಾ ಉತಾರಕ್ಕಾಗಿ ಚಾವಡಿಗೆ ನಾಲ್ಕು ಸಲ ಅಲೆದ ದಿನಗಳನ್ನು ನಾವು ಮರೆತಿಲ್ಲ. ಈಗ ಅದು ಮೊಬೈಲಿನಲ್ಲಿಯೇ ಸಿಗುತ್ತದೆ. ೨೦೧೯ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ಆರು ಸಾವಿರ ರೂಪಾಯಿ ವರ್ಷಕ್ಕೆ ಮೂರು ಕಂತಿನಲ್ಲಿ ನೇರವಾಗಿ ಖಾತೆಗೆ ಬೀಳುತ್ತದೆ; ನಡುವೆ ಯಾರ ಕೈ ಬಿಸಿ ಮಾಡಬೇಕಾದದ್ದಿಲ್ಲ. ೨೦೨೧ರ ಆಗಸ್ಟ್ ೧೫ರಿಂದ ಮಹಾರಾಷ್ಟ್ರದಲ್ಲಿ ನಮ್ಮ ಬೆಳೆಯನ್ನು ನಾವೇ ಇ-ಪೀಕ್ ಪಾಹಣಿಯಲ್ಲಿ ನೋಂದಿಸುತ್ತಿದ್ದೇವೆ. ಇವು ಒಳ್ಳೆಯವೇ.

ಆದರೆ ಇವುಗಳ ಜೊತೆಯಲ್ಲಿ ನಮ್ಮ ಬಾಳುವೆಯ ಲೆಕ್ಕವೆಲ್ಲ ಒಂದೊಂದಾಗಿ ಬೇರೆಯವರ ಪುಸ್ತಕ ಸೇರಿತು. ಯೂರಿಯಾ ಚೀಲಕ್ಕೆ ಹೆಬ್ಬೆಟ್ಟು, ರೇಶನ್ನಿಗೆ ಹೆಬ್ಬೆಟ್ಟು, ಸಿಮ್ ಕಾರ್ಡಿಗೆ ಹೆಬ್ಬೆಟ್ಟು, ವಿಧವಾ ವೇತನಕ್ಕೆ ಹೆಬ್ಬೆಟ್ಟು. ೨೦೨೪ರ ಸೆಪ್ಟೆಂಬರದಲ್ಲಿ ಕೇಂದ್ರ ಸರಕಾರವು ೨,೮೧೭ ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹನ್ನೊಂದು ಕೋಟಿ ರೈತರಿಗೆ ಒಂದೊಂದು ಗುರುತಿನ ಅಂಕಿ ಕೊಟ್ಟು, ಅವರ ಹೊಲ, ಬೆಳೆಗಳನ್ನು ಅದಕ್ಕೆ ಜೋಡಿಸುವದು ಅದರ ಗುರಿ. ನಮ್ಮ ಭಾಗದಲ್ಲಿ ಈ ಅಂಕಿಗಾಗಿ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತದ್ದನ್ನು ಎಲ್ಲರೂ ಕಂಡಿದ್ದೀರಿ. ಸಾಲಿನಲ್ಲಿ ನಾವೂ ನಿಂತಿದ್ದೆವು. ನಮ್ಮ ಮುಂದಿದ್ದ ಇಪ್ಪತ್ತು ಜನರಲ್ಲಿ ಹದಿನೆಂಟು ಜನ ತಮ್ಮ ಮೊಬೈಲನ್ನೇ ಮೇಜಿನ ಆಚೆ ಕೊಟ್ಟು ದೂರ ಸರಿದು ಬೀಡಿ ಹಚ್ಚಿದರು. ಓಟಿಪಿ ಬಂದದ್ದು, ಅದನ್ನು ಒತ್ತಿದ್ದು, ಯಾವ ಕಾಗದಕ್ಕೆ ಒಪ್ಪಿಗೆ ಕೊಟ್ಟದ್ದು, ಒಂದೂ ಅವರಿಗೆ ತಿಳಿಯದು.

ಹೀಗೆ ಕೊಟ್ಟರೆ ಆಗುವದೇನು? ಬ್ಯಾಂಕಿನ ಹಣವನ್ನು ಊರಲ್ಲಿಯೇ ಕೊಡುವ ಸಣ್ಣ ಯಂತ್ರವನ್ನು ನೀವೆಲ್ಲ ಬಲ್ಲಿರಿ. ಆ ಯಂತ್ರಕ್ಕೆ ಕಾರ್ಡು ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಆಧಾರದ ಅಂಕಿ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ಬ್ಯಾಂಕು ಇಲ್ಲದ ಊರಿಗೆ ಇದು ದೊಡ್ಡ ಉಪಕಾರವೇ. ಆದರೆ ಅಂಕಿಯು ಚುರಮುರಿಯ ಕಾಗದದಲ್ಲಿ ಸಿಗುವದಾದರೆ, ಉಳಿಯುವದು ಬೆರಳೊಂದೇ.

ಬೆರಳನ್ನು ಯಾರೂ ಕದಿಯಲಾರರೆಂದು ತಿಳಿಯಬೇಡಿರಿ. ೨೦೧೮ರಲ್ಲಿ ತೆಲಂಗಾಣದ ಪೊಲೀಸರು ಸಿಮ್ ಕಾರ್ಡು ಮಾರುವ ಒಬ್ಬನನ್ನು ಹಿಡಿದರು. ಅವನು ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಭೂಮಿಯ ಖರೀದಿ ಪತ್ರಗಳಿಂದ ಜನರ ಹೆಬ್ಬೆಟ್ಟಿನ ಗುರುತು ತೆಗೆದು, ರಬ್ಬರಿನ ಅಚ್ಚು ಮಾಡಿ, ಅವರ ಹೆಸರಿನಲ್ಲಿ ಸಿಮ್ ಚಾಲೂ ಮಾಡಿದ್ದನು. ೨೦೨೩ರಲ್ಲಿ ಬೆಂಗಳೂರಿನಲ್ಲಿಯೂ ಆಸ್ತಿ ಪತ್ರ ನೋಂದಿಸಿದವರ ಖಾತೆಗಳಿಂದ ಇಂಥ ರೀತಿಯಲ್ಲಿ ಹಣ ಹೋದ ದೂರುಗಳು ಬಂದವು. ಹೊಲ ಕೊಂಡ ಪತ್ರದ ಮೇಲೆ ಒತ್ತಿದ ಹೆಬ್ಬೆಟ್ಟೇ ಖಾತೆ ಬರಿದು ಮಾಡುವ ಕೀಲಿಕೈಯಾಯಿತು.

ಇನ್ನೊಂದು ಮಾತು. ಪೆಟ್ಟಿಗೆಯ ಕೀಲಿ ಕಳೆದರೆ ಬೇರೆ ಕೀಲಿ ಹಾಕಬಹುದು. ಮೊಬೈಲಿನ ಗುಟ್ಟಿನ ಅಂಕಿಯನ್ನು ದಿನಕ್ಕೊಂದು ಸಲ ಬದಲಾಯಿಸಬಹುದು. ಆದರೆ ದೇವರು ಕೊಟ್ಟ ಹೆಬ್ಬೆಟ್ಟನ್ನು ಬದಲಾಯಿಸಲು ಬರುವದಿಲ್ಲ.

ನಮ್ಮ ಓಣಿಯ ಒಬ್ಬ ಹಿರಿಯ ತಾಯಿಯ ಸಂಗತಿಯನ್ನು ಹೇಳುತ್ತೇವೆ. ಉಳ್ಳಾಗಡ್ಡಿ ಮಾರಿದ ಹಣ ಅವರ ಖಾತೆಯಲ್ಲಿತ್ತು. ಒಂದು ಸಾವಿರ ರೂಪಾಯಿ ಬೇಕೆಂದು ಯಂತ್ರದ ಮುಂದೆ ಕುಳಿತರು. “ಆಯೀ, ಬಟ್ಟು ಬರವಲ್ದು, ಸವದಾವ, ಇನ್ನೊಮ್ಮೆ ಒತ್ತು” ಎಂದು ಮೂರು ಸಲ ಒತ್ತಿಸಿಕೊಂಡರು. ಕಳೆ ತೆಗೆದು ತೆಗೆದು ಅವರ ಬೆರಳು ಸವೆದದ್ದು ಸುಳ್ಳಲ್ಲ. ಆದ್ದರಿಂದ ಅವರು ನಂಬಿದರು. ಎರಡು ತಿಂಗಳ ಮೇಲೆ ಅವರ ಪಾಸುಬುಕ್ಕನ್ನು ನಮ್ಮ ಶಾಲೆಯ ಹುಡುಗನೊಬ್ಬನು ಓದಿದಾಗ ಆ ದಿನ ಸಾವಿರ ರೂಪಾಯಿ ಮೂರು ಸಲ ಹೋದದ್ದು ತಿಳಿಯಿತು. ಹಣ ಹೋದಾಗ ಬ್ಯಾಂಕಿನಿಂದ ಸಂದೇಶ ಬಂದಿರಲಿಲ್ಲವೆ? ಬಂದಿತ್ತು. ಆದರೆ ಖಾತೆಗೆ ಜೋಡಿಸಿದ್ದು ಪುಣೆಯಲ್ಲಿ ದುಡಿಯುವ ಮಗನ ಹಳೆಯ ನಂಬರು. ಆ ನಂಬರು ನಿಂತು ವರ್ಷವಾಗಿತ್ತು. ದೂರು ಕೊಡಲು ಹೋದಾಗ ದಿನ ಮೀರಿತೆಂಬ ಉತ್ತರ ಬಂದಿತು. ಎರಡು ಸಾವಿರ ರೂಪಾಯಿ ಹೋದದ್ದು ಹೋಯಿತು. ಅವರು ಯಾರನ್ನೂ ಬಯ್ಯಲಿಲ್ಲ. “ನನಗ ಓದಾಕ ಬಂದಿದ್ದರ ಹಿಂಗ ಆಗ್ತಿದ್ದಿಲ್ಲ” ಎಂದಷ್ಟೇ ಅಂದರು. ಆ ಮಾತು ಶಿಕ್ಷಕರಾದ ನಮ್ಮ ಎದೆಗೆ ನಾಟಿತು.

ನಾವು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ. ಮೋಸವು ಎಲ್ಲ ನಾಡಿನಲ್ಲಿಯೂ ಉಂಟು. ಆದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಹಳ್ಳಿಗಳಲ್ಲಿ ಕಲ್ಲು ಸರಿಸುವ ಕೈ ಬೇರೆಯವರದಾಗುವದಕ್ಕೆ ಇನ್ನೊಂದು ಕಾರಣವಿದೆ. ನಮಗೆ ಬರುವ ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ. ಉತಾರ, ಅರ್ಜಿ, ಒಪ್ಪಿಗೆಯ ಕಾಗದ ಮರಾಠಿಯಲ್ಲಿ. ಮನೆಯಲ್ಲಿ, ಹೊಲದಲ್ಲಿ ನಾವು ಆಡುವದು ಕನ್ನಡ. ಗಡಿಯ ಆಚೆ ಆಳಂದ, ಇಂಡಿ ಕಡೆಯ ನಮ್ಮ ಬೀಗರು ತಮ್ಮ ಪಹಣಿಯನ್ನು ತಾವೇ ಕನ್ನಡದಲ್ಲಿ ಓದಿಕೊಳ್ಳುತ್ತಾರೆ. ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವನೂ ಈ ಕಾಗದಗಳ ಮುಂದೆ ಅನಕ್ಷರಸ್ಥನಾಗುತ್ತಾನೆ. ಓದಲಾರದವನು ಓದಿಸಿಕೊಳ್ಳಬೇಕು, ಓದಿಸಿಕೊಳ್ಳುವವನು ಮೊಬೈಲು ಕೊಡಬೇಕು, ಮೊಬೈಲು ಕೊಟ್ಟವನು ಎಲ್ಲವನ್ನೂ ಕೊಟ್ಟಂತೆ. ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ, ನಾವೇ ಕಲಿಸುತ್ತೇವೆ. ಆದರೆ ಅರವತ್ತು ದಾಟಿದ ಒಕ್ಕಲಿಗನು ಇನ್ನು ಮೇಲೆ ಕಲಿತು ಓದಲೆಂದು ಕಾಯುತ್ತ ಕೂಡ್ರುವದು ನ್ಯಾಯವಲ್ಲ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದೂ ಅಲ್ಲ. ನಮ್ಮ ಮುತ್ತಜ್ಜಂದಿರು ಸಾವಕಾರನ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರು. ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ನಾಲ್ಕು ವರ್ಷಗಳ ಮೇಲೆ, ೧೮೭೯ರಲ್ಲಿ, ದಖ್ಖನಿನ ರೈತರ ಪರಿಹಾರ ಕಾಯಿದೆ ಬಂದಿತು. ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಲ್ಲಿ ಅದು ಮೊದಲು ನಡೆಯಿತು. ರೈತನ ಸಾಲಪತ್ರವು ಊರಿನ ನೋಂದಣಿದಾರನ ಎದುರಿನಲ್ಲಿ ಆಗತಕ್ಕದ್ದೆಂದು ಅದರಲ್ಲಿ ಕಟ್ಟಳೆಯಿತ್ತು. ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂಬುದು ರೈತನಿಗೆ ತಿಳಿಯಬೇಕೆಂಬ ವಿಚಾರವು ಪರದೇಶದ ಸರಕಾರಕ್ಕೂ ಹೊಳೆದಿತ್ತು. ಈಗ ಸಾಲಪತ್ರದ ಜಾಗದಲ್ಲಿ ಗಾಜಿನ ಪರದೆ ಬಂದಿದೆ. ಓದದೆ ಒತ್ತುವ ಹೆಬ್ಬೆಟ್ಟು ಮಾತ್ರ ಅದೇ ಇದೆ.

ಕಾಯಿದೆಯು ಇಂದು ನಮ್ಮ ಕಡೆಗೆ ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು. ಅದು ಪಟ್ಟಣದ ಶ್ರೀಮಂತನ ಹಕ್ಕಷ್ಟೇ ಅಲ್ಲ. ನಾಲ್ಕು ಎಕರೆಯ ಒಕ್ಕಲಿಗನದೂ ಹೌದು.

೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಕಾಯಿದೆ ಪಾಸಾಯಿತು. ಗಡಿನಾಡಿನ ನಾವು ಅದರ ಒಂದು ಮಾತನ್ನು ಬಾಯಿಪಾಠ ಮಾಡಿಕೊಳ್ಳಬೇಕು. ನಮ್ಮ ಮಾಹಿತಿಯನ್ನು ಒಪ್ಪಿಗೆ ಕೇಳಿ ತೆಗೆದುಕೊಳ್ಳುವವರು, ಅದನ್ನು ಏತಕ್ಕಾಗಿ ತೆಗೆದುಕೊಳ್ಳುತ್ತೇವೆಂಬ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿಯಾದರೂ ಓದುವ ಅವಕಾಶವನ್ನು ನಮಗೆ ಕೊಡತಕ್ಕದ್ದು. ಎಂಟನೆಯ ಅನುಸೂಚಿಯಲ್ಲಿ ಕನ್ನಡವಿದೆ. ಕರ್ನಾಟಕದಲ್ಲಿ ಮಾತ್ರ ಕನ್ನಡ ಎಂದು ಕಾಯಿದೆ ಹೇಳಿಲ್ಲ. ಇದರ ನಿಯಮಗಳು ೨೦೨೫ರ ನವೆಂಬರದಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರಬೇಕೆಂದು ಗೊತ್ತುಮಾಡಿದ್ದಾರೆ. ಸಹಾಯಧನ ಮೊದಲಾದವನ್ನು ಕೊಡುವಲ್ಲಿ ಸರಕಾರಕ್ಕೆ ಕೆಲವು ವಿನಾಯಿತಿಗಳನ್ನೂ ಅದೇ ಕಾಯಿದೆ ಇಟ್ಟಿದೆಯೆಂಬುದನ್ನು ಮರೆಯಬಾರದು. ಆದರೆ ಬ್ಯಾಂಕು, ಮೊಬೈಲು ಕಂಪನಿ, ಬೀಜ-ಔಷಧ ಮಾರುವ ಆ್ಯಪಿನವರು ನಮಗೆ ಕನ್ನಡದಲ್ಲಿ ತಿಳಿಸಬೇಕೆಂದು ಕೇಳಲು ಈಗಿನಿಂದಲೇ ಬಾಯಿ ರೂಢಿಯಾಗಬೇಕು.

ಸರಕಾರಿ ಕಚೇರಿಯ ವಿಷಯದಲ್ಲಿ ಸಂವಿಧಾನದ ೩೫೦ನೆಯ ಕಲಮು ಇದೆ. ತನ್ನ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದು ಅದು ಹೇಳುತ್ತದೆ. ಆದುದರಿಂದ ಪ್ರತಿ ಕನ್ನಡ ಹಳ್ಳಿಯ ಗ್ರಾಮಸಭೆಯಲ್ಲಿ ಒಂದು ಠರಾವು ಆಗಲಿ: ನಮ್ಮೂರ ಸೇವಾ ಕೇಂದ್ರದಲ್ಲಿ, ಹೆಬ್ಬೆಟ್ಟಿನ ಯಂತ್ರ ಇರುವ ಪ್ರತಿ ಅಂಗಡಿಯಲ್ಲಿ, ಏನು ಕೇಳುತ್ತಾರೆ, ಏತಕ್ಕೆ ಕೇಳುತ್ತಾರೆ, ಶುಲ್ಕವೆಷ್ಟು, ದೂರು ಎಲ್ಲಿ ಎಂಬ ಫಲಕವು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಇರಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಹಲಗೆ, ಒಂದು ಡಬ್ಬಿ ಬಣ್ಣ ಸಾಕು.

ಠರಾವು ಆಗುವವರೆಗೆ ಕೈ ಕಟ್ಟಿ ಕೂಡ್ರುವದು ಬೇಡ. ನಮ್ಮ ಕೈಯಲ್ಲಿಯೇ ಇರುವ ಉಪಾಯಗಳನ್ನು ಹೇಳುತ್ತೇವೆ.

ಝೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡವಾಗಿ “ಇಂಥ ಕೆಲಸಕ್ಕೆ ಮಾತ್ರ” ಎಂದು ಬರೆದು ದಿನಾಂಕ ಹಾಕಿರಿ. ೨೦೨೨ರ ಮೇ ೨೭ರಂದು ಆಧಾರ ಸಂಸ್ಥೆಯ ಬೆಂಗಳೂರು ಕಚೇರಿಯು ಝೆರಾಕ್ಸನ್ನು ಯಾರಿಗೂ ಕೊಡಬೇಡಿರೆಂದು ಪ್ರಕಟಿಸಿ, ಎರಡೇ ದಿನಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಎಚ್ಚರದ ಭಾರವು ನಮ್ಮ ಮೇಲೆಯೇ ಉಳಿಯಿತು. ಮೊದಲಿನ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನಷ್ಟೇ ತೋರಿಸುವ ಆಧಾರದ ಪ್ರತಿಯೂ ಆ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಸಾಧ್ಯವಿದ್ದಲ್ಲೆಲ್ಲ ಅದನ್ನೇ ಕೊಡಿರಿ.

ಯಂತ್ರದ ಮುಂದೆ ಬೆರಳು ಇಡುವ ಮೊದಲು ಎಷ್ಟು ರೂಪಾಯಿಯೆಂದು ಬಾಯಿಂದ ಹೇಳಿಸಿಕೊಳ್ಳಿರಿ. “ಬಟ್ಟು ಬರಲಿಲ್ಲ” ಎಂದರೆ, ಬರಲಿಲ್ಲವೆಂಬ ಚೀಟಿಯನ್ನೇ ಬೇಡಿರಿ. ಚೀಟಿಯಿಲ್ಲದೆ ಎರಡನೆಯ ಸಲ ಒತ್ತಬೇಡಿರಿ.

ಬೆರಳಿಗೆ ಕೀಲಿ ಹಾಕುವ ಅನುಕೂಲವನ್ನು ಆಧಾರ ಸಂಸ್ಥೆಯೇ ಮಾಡಿದೆ. ಅವರ ಜಾಲತಾಣದಲ್ಲಾಗಲಿ ಅವರದೇ ಆ್ಯಪಿನಲ್ಲಾಗಲಿ ಕೀಲಿ ಹಾಕಿದರೆ, ನಮ್ಮ ಬೆರಳಿನ ಅಚ್ಚು ಯಾರ ಕೈಯಲ್ಲಿದ್ದರೂ ಕೆಲಸಕ್ಕೆ ಬಾರದು. ಆದರೆ ರೇಶನ್ ತರುವ ದಿನ, ಗೊಬ್ಬರ ತರುವ ದಿನ ನಾವೇ ಕೀಲಿ ತೆರೆದು ಮತ್ತೆ ಹಾಕಬೇಕು. ಹಗೇವಿನ ಕಲ್ಲನ್ನು ಬೇಕಾದಾಗ ಸರಿಸಿ ಮತ್ತೆ ಮುಚ್ಚಿದಂತೆ. ಇದಕ್ಕೆ ಆಧಾರಕ್ಕೆ ಜೋಡಿಸಿದ ಮೊಬೈಲು ನಂಬರು ನಮ್ಮದೇ ಆಗಿರಬೇಕು. ನಂಬರು ಹಳೆಯದಾಗಿದ್ದರೆ ಬರುವ ವಾರವೇ ಆಧಾರ ಕೇಂದ್ರಕ್ಕೂ ಬ್ಯಾಂಕಿಗೂ ಹೋಗಿ ಸರಿಪಡಿಸಿಕೊಳ್ಳಿರಿ.

ಕಿಸಾನ್ ಕಂತು ಬಂದಿದೆ, ಇದನ್ನು ಒತ್ತಿರಿ ಎಂದು ವಾಟ್ಸಪ್ಪಿನಲ್ಲಿ ಬರುವ ಕಡತವನ್ನು ಮುಟ್ಟಬೇಡಿರಿ. ಹೆಸರಿನ ಕೊನೆಗೆ ‘ಎಪಿಕೆ’ ಎಂದಿದ್ದರೆ ಅದು ಮೊಬೈಲಿನೊಳಗೆ ಸೇರಿ ನಮ್ಮ ಸಂದೇಶಗಳನ್ನು ಕದ್ದು ಓದುವ ಕಳ್ಳನೇ ಇರಬಹುದು. ಕಂತಿನ ಹಣವು ಏನನ್ನೂ ಒತ್ತದೆ ಖಾತೆಗೆ ಬೀಳುತ್ತದೆ. ಓಟಿಪಿಯನ್ನು ಫೋನಿನಲ್ಲಿ ಕೇಳುವವನು ಬ್ಯಾಂಕಿನವನಲ್ಲ.

ಹಣ ಹೋದದ್ದು ತಿಳಿದ ಗಳಿಗೆಯಲ್ಲಿಯೇ ೧೯೩೦ ನಂಬರಿಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿರಿ. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವನಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟವು ಗ್ರಾಹಕನ ಮೇಲೆ ಬೀಳಬಾರದೆಂದು ರಿಜರ್ವ್ ಬ್ಯಾಂಕು ೨೦೧೭ರ ಜುಲೈ ೬ರ ಸುತ್ತೋಲೆಯಲ್ಲಿ ವಿಧಿಸಿತು. ನಾವೇ ಗುಟ್ಟಿನ ಅಂಕಿ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದೇ ಎಂದೂ ಅದರಲ್ಲಿಯೇ ಇತ್ತು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಕಳ್ಳನಿಗೇ ಲಾಭ.

ಕೊನೆಗೆ ನಮ್ಮದೊಂದು ತಪ್ಪೊಪ್ಪಿಗೆ. ಚುರಮುರಿಯ ಕಾಗದ ನೋಡಿದ ಮರುದಿನ ನಾವು ನಮ್ಮ ಶಾಲೆಯ ಕಪಾಟನ್ನು ತೆರೆದೆವು. ವರ್ಷವರ್ಷವೂ ಮಕ್ಕಳಿಂದ, ಅವರ ತಂದೆತಾಯಿಗಳಿಂದ ಬೇಡಿ ತೆಗೆದುಕೊಂಡ ಆಧಾರದ ಪ್ರತಿಗಳು ಗಂಟುಗಂಟಾಗಿ ಬಿದ್ದಿದ್ದವು. ಎಷ್ಟೋ ಮಕ್ಕಳು ಶಾಲೆ ಬಿಟ್ಟು ಹೋಗಿದ್ದರು. ಕಪಾಟಿಗೆ ಕೀಲಿಯೂ ಇರಲಿಲ್ಲ. ಇನ್ನೊಬ್ಬರ ಕಪಾಟನ್ನು ಬಯ್ಯುವ ಮುಖ ನಮಗೆಲ್ಲಿದೆ? ಮುಖ್ಯಾಧ್ಯಾಪಕರ ಒಪ್ಪಿಗೆ ಪಡೆದು, ಬೇಡವಾದವನ್ನು ಅಂಗಳದಲ್ಲಿ ಸುಟ್ಟೆವು. ಬೇಕಾದವಕ್ಕೆ ಕೀಲಿ ಹಾಕಿದೆವು.

ಅಲ್ಲದೆ ಈ ತಿಂಗಳಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ನಾವು ಶಾಲೆಯ ಪಡಸಾಲೆಯಲ್ಲಿ ಕೂಡ್ರುತ್ತಿದ್ದೇವೆ. ಬಂದವರ ಸಂದೇಶ, ಪಾಸುಬುಕ್ಕು, ಅರ್ಜಿಗಳನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ. ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತಿರುಗಿಸಿ ತೋರಿಸುವ ಅನುಕೂಲವು ಈಗ ಮೊಬೈಲಿನಲ್ಲಿಯೇ ಇದೆ. ಗೊಬ್ಬರ, ಔಷಧದ ಚೀಟಿ ಓದಲು ಅದನ್ನು ಹುಡುಗರಿಗೆ ಕಲಿಸುತ್ತಿದ್ದೇವೆ. ಖಾತೆಯ ಕಾಗದಕ್ಕೆ ಮಾತ್ರ ಅದನ್ನು ಹಿಡಿಯಬೇಡಿರೆಂದು ಹೇಳುತ್ತೇವೆ.

ಈ ಪಡಸಾಲೆಯಲ್ಲಿ ನಮ್ಮದು ಒಂದೇ ಕಟ್ಟಳೆ: ಮೊಬೈಲು ಒಡೆಯನ ಕೈಯಲ್ಲಿಯೇ ಇರಬೇಕು. ಓದುವವನು ಓದಬೇಕು, ಒತ್ತಬಾರದು. ಮೊದಲ ಶನಿವಾರ ಮೂವರು ಬಂದರು. ಎರಡನೆಯ ಶನಿವಾರ ಹನ್ನೊಂದು ಜನ. ಹಿಂದೆ ನಕ್ಕ ನೆರೆಯೂರಿನ ಆ ರೈತರೂ ಬಂದು, ಮೊಬೈಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೇ, “ಓದ್ರಿ ಮಾಸ್ತರ, ಏನ ಬರದಾರ?” ಎಂದು ನಮ್ಮ ಮುಂದೆ ಹಿಡಿದರು. ನಿಮ್ಮೂರ ಕನ್ನಡ ಶಾಲೆಗೂ ಒಂದು ಪಡಸಾಲೆ ಇದ್ದೀತು, ನಾಲ್ಕು ಅಕ್ಷರ ಬಲ್ಲ ಒಬ್ಬ ಹುಡುಗನಾದರೂ ಇದ್ದಾನು. ಬರುವ ಶನಿವಾರವೇ ಆರಂಭಿಸಬೇಕೆಂದು ನಮ್ಮ ಬಿನ್ನಹ.